ಗುಡ್ಡದ ಜೇನು, ಗುಡ್ಡದ ಹಕ್ಕಿ: ಗುರುತಿಸುವುದು ಹೇಗೆ, ಫೋಟೊ ತೆಗೆಯುವುದು ಹೇಗೆ?

ಗುಡ್ಡ ಸುತ್ತಲು ಹೋಗುವವರು ಬೆಳಿಗ್ಗೆ ಬೇಗ ಹೊರಡಿ. ಚಳಿ ಇದ್ದರೆ ಇನ್ನೂ ಒಳ್ಳೆಯದು. ಎತ್ತರದ ಹುಲ್ಲುಗಾವಲಿನಲ್ಲಿ ಕಾಣುವ ಬಂಬಲ್‌ಬೀ, ಅಂದರೆ ಮೈತುಂಬ ರೋಮವಿರುವ ದಪ್ಪ ಜೇನು, ಆ ಹೊತ್ತಿಗೆ ಹೂವಿನ ಮೇಲೇ ಕೂತಿರುತ್ತದೆ. ಹಾರಬೇಕಾದರೆ ಅದರ ಎದೆಯ ಸ್ನಾಯು ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗಬೇಕು. ಅದಕ್ಕೇ ರೆಕ್ಕೆ ಬಡಿಯದೆ ಒಳಗೊಳಗೇ ನಡುಗಿ ಮೈ ಬಿಸಿ ಮಾಡಿಕೊಳ್ಳುತ್ತದೆ. ಫೋಟೊಗೆ ಇದಕ್ಕಿಂತ ಒಳ್ಳೆ ಹೊತ್ತು ಸಿಗುವುದಿಲ್ಲ.

ಮೊದಲು ಅದು ಜೇನು ಹೌದಾ ಅಂತ ನೋಡಿ. ಜೇನಿನ ವೇಷದ ನೊಣಗಳು ಬಹಳ. ನೊಣಕ್ಕೆ ರೆಕ್ಕೆ ಎರಡೇ, ಜೇನಿಗೆ ನಾಲ್ಕು. ರೆಕ್ಕೆ ಎಣಿಸುವುದು ಕಷ್ಟ ಅಲ್ವಾ? ತಲೆಯ ಮೇಲಿನ ಮೀಸೆ (ಆಂಟೆನಾ) ನೋಡಿ. ಜೇನಿನದು ಉದ್ದ, ಮೊಣಕೈಯಂತೆ ಬಾಗಿರುತ್ತದೆ. ನೊಣದ್ದು ಸಾಮಾನ್ಯವಾಗಿ ಗಿಡ್ಡ.

ಹತ್ತಿರ ಹೋಗುವಾಗ ನಿಮ್ಮ ನೆರಳು ಹೂವಿನ ಮೇಲೆ ಬೀಳಬಾರದು. ಬಂಬಲ್‌ಬೀ ನಡುವಿನ ಕಾಲೊಂದನ್ನು ಮೆಲ್ಲಗೆ ಮೇಲೆತ್ತಿದರೆ ಅಲ್ಲೇ ನಿಲ್ಲಿ. ‘ಸಾಕು, ದೂರ ಇರು’ ಅಂತ ಅದು ಹೇಳುವ ರೀತಿ ಅದು. ಅದು ಕಾಲಿಳಿಸಿದ ಮೇಲೆ ಒಂದರ ಬದಲು ನಾಲ್ಕು ಫೋಟೊ ತೆಗೆಯಿರಿ: ಬೆನ್ನು, ಪಕ್ಕ, ಮುಖ, ಹಿಂಗಾಲು. ಜಾತಿ ಗೊತ್ತಾಗುವುದು ಪಟ್ಟೆ ಮತ್ತು ಬಾಲದ ಬಣ್ಣದಿಂದ. ಹಿಂಗಾಲಿನಲ್ಲಿ ಪರಾಗದ ಉಂಡೆ ಇದ್ದರೆ ಅದು ಹೆಣ್ಣು.

ಕ್ಯಾಮೆರಾದಲ್ಲಿ ಶಟರ್ ವೇಗ (ಬೆಳಕು ಒಳಗೆ ಬೀಳುವ ಸಮಯ) 1/1000 ಸೆಕೆಂಡ್, ಅಪರ್ಚರ್ (ಬೆಳಕು ಬರುವ ಲೆನ್ಸಿನ ಕಿಂಡಿಯ ಅಳತೆ) ಎಫ್/8ರಿಂದ ಶುರು ಮಾಡಿ. ಮೊಬೈಲ್ ಆದರೆ ಪರದೆ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ. ಗಾಳಿ ಜಾಸ್ತಿ ಇದ್ದರೆ ಗುಡ್ಡದ ಮರೆಯ ತಗ್ಗಿಗೆ ಇಳಿಯಿರಿ. ಜೇನೂ ಅಲ್ಲಿಗೇ ಬರುತ್ತದೆ.

ಹಕ್ಕಿಗೆ ಮೊದಲು ಕಿವಿ, ಆಮೇಲೆ ಕಣ್ಣು. ತಲೆ ಮೇಲಿನ ಆಕಾಶದಿಂದ ಬಿಡುವಿಲ್ಲದ ಹಾಡು ಕೇಳಿದರೆ ಅದು ಬಹುಶಃ ಲಾರ್ಕ್. ಕಲ್ಲಿನ ಮೇಲೆ ಕುಪ್ಪಳಿಸಿ, ಹಾರುವಾಗ ಬೆನ್ನ ತುದಿಯ ಬಿಳಿ ತೋರಿಸಿದರೆ ವೀಟಿಯರ್ ಇರಬಹುದು. ಅಟ್ಟಿಸಿಕೊಂಡು ಹೋಗಬೇಡಿ. ಹಿಕ್ಕೆಯ ಬಿಳಿ ಕಲೆ ಇರುವ ಕಲ್ಲು ಹುಡುಕಿ, ಸ್ವಲ್ಪ ದೂರದಲ್ಲಿ ಸುಮ್ನೆ ಕೂತುಬಿಡಿ. ಹಕ್ಕಿ ಅಲ್ಲಿಗೇ ಮತ್ತೆ ಮತ್ತೆ ಬರುತ್ತದೆ. ಬಿಸಿಲೂ ಗಾಳಿಯೂ ನಿಮ್ಮ ಬೆನ್ನಿಗಿರಲಿ. ಹಕ್ಕಿ ಗಾಳಿಗೆ ಎದುರಾಗಿ ಇಳಿಯುವುದರಿಂದ ಮುಖ ನಿಮ್ಮ ಕಡೆಗೇ ಇರುತ್ತದೆ. ಹಾರುವ ಹಕ್ಕಿಗೆ ಶಟರ್ ವೇಗ 1/2000 ಸೆಕೆಂಡ್ ಬೇಕು, ಫೋಕಸ್ ಕಣ್ಣಿನ ಮೇಲಿರಲಿ.

ಈ ಹಕ್ಕಿಗಳಲ್ಲಿ ಬಹಳಷ್ಟು ನೆಲದಲ್ಲೇ ಗೂಡು ಕಟ್ಟುತ್ತವೆ. ಹಾಗಾಗಿ ಕಾಲುದಾರಿ ಬಿಟ್ಟು ಹುಲ್ಲಿಗೆ ಇಳಿಯಬೇಡಿ. ಕೊಕ್ಕಿನಲ್ಲಿ ಹುಳ ಹಿಡಿದ ಹಕ್ಕಿ ಗೂಡಿಗೆ ಹೋಗದೆ ಅಲ್ಲಲ್ಲೇ ಕೂಗುತ್ತಿದ್ದರೆ, ನೀವು ಮರಿಗಳ ಹತ್ತಿರವೇ ನಿಂತಿದ್ದೀರಿ ಎಂದರ್ಥ. ಫೋಟೊ ಬಿಟ್ಟು ತಕ್ಷಣ ಅಲ್ಲಿಂದ ಮುಂದೆ ನಡೆಯಿರಿ.