ಹಾಫ್‌ಟೈಮಿನಲ್ಲಿ ಎದ್ದು ಹೋಗಬೇಡಿ

ಅಮೆರಿಕದ ಕೊಲಂಬಸ್‌ಗೆ ಹೊಸದಾಗಿ ಬಂದ ನಮ್ಮ ಕನ್ನಡದವರು ಮೊದಲ ವರ್ಷದಲ್ಲೇ ಒಂದು ಸಲವಾದರೂ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಪಂದ್ಯಕ್ಕೆ ಹೋಗಿಬರುತ್ತಾರೆ. ಆಫೀಸಿನಲ್ಲಿ ಯಾರೋ ಟಿಕೆಟ್ ಕೊಡುತ್ತಾರೆ, ಇಲ್ಲವೇ ಮಕ್ಕಳು ಹಟ ಹಿಡಿಯುತ್ತಾರೆ. ನಾವೂ ಹಾಗೆಯೇ ಹೋದದ್ದು. ಆಟ ಒಂದಿಷ್ಟೂ ಅರ್ಥವಾಗಿರಲಿಲ್ಲ. ನಾಲ್ಕರಲ್ಲಿ ಎರಡು ಕ್ವಾರ್ಟರ್ ಮುಗಿದು ಹಾಫ್‌ಟೈಮಿನ ಬಿಡುವಾದಾಗ ಕಾಫಿ ತರೋಣವೆಂದು ನಾನೂ ನಮ್ಮ ಮನೆಯವರೂ ಎದ್ದೆವು. ಪಕ್ಕದ ಸೀಟಿನಲ್ಲಿದ್ದ ವಯಸ್ಸಾದ ಹೆಂಗಸು ನನ್ನ ಕೈ ಹಿಡಿದು, ಈಗ ಹೋಗಬೇಡ, ನೋಡಬೇಕಾದದ್ದು ಈಗ ಬರುತ್ತದೆ ಅಂದರು. ನಾನು ಕೂತೆ. ಮನೆಯವರು ಕಾಫಿ ಹಿಡಿದು ಬರುವಷ್ಟರಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಬ್ಯಾಂಡು ನಡೆಯುತ್ತಾ ನುಡಿಸಿ ಮೈದಾನ ಬಿಟ್ಟಿತ್ತು. ಅವರಿಗೆ ಏನು ತಪ್ಪಿತೆಂದು ಹೇಳಲು ನನ್ನಲ್ಲಿ ಮಾತಿರಲಿಲ್ಲ, ಕಣ್ಣು ತುಂಬಿತ್ತು.

ಅಂದಿನಿಂದ ಹೊಸಬರು ಯಾರು ಕೇಳಿದರೂ ನಾನು ಮೊದಲು ಹೇಳುವುದು ಬ್ಯಾಂಡಿನ ವಿಷಯವನ್ನೇ. ಆಟ ನಿಧಾನವಾಗಿ ಕಲಿಯಬಹುದು. ಬ್ಯಾಂಡನ್ನು ಮೊದಲ ದಿನದಿಂದಲೇ ನೋಡಬೇಕು.

ಈ ಬ್ಯಾಂಡು ಶುರುವಾದದ್ದು 1878ರಲ್ಲಿ, ವಿದ್ಯಾರ್ಥಿಗಳ ಮಿಲಿಟರಿ ಕವಾಯತಿಗೆ ಜೊತೆಯಾಗಿ. ಕಡುಬಣ್ಣದ ಸಮವಸ್ತ್ರ, ಎದೆಯ ಮೇಲೆ ಅಡ್ಡಹಾಯ್ದ ಬಿಳಿ ಪಟ್ಟಿ, ಗೀಟೆಳೆದಂತೆ ನೇರವಾದ ಸಾಲುಗಳಲ್ಲಿ ಆ ಶಿಸ್ತು ಈಗಲೂ ಕಾಣುತ್ತದೆ. ಇನ್ನೂರಕ್ಕೂ ಹೆಚ್ಚು ಜನ ಇದ್ದಾರೆ. 1934ರಿಂದ ಇಲ್ಲಿ ಹಿತ್ತಾಳೆಯ ವಾದ್ಯಗಳು ಮತ್ತು ಡ್ರಮ್ಮುಗಳು ಮಾತ್ರ. ಕೊಳಲು, ಕ್ಲಾರಿನೆಟ್, ಸ್ಯಾಕ್ಸೊಫೋನ್ ಇಲ್ಲ. ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು 1973ರಲ್ಲಿ. ಊರವರು ಪ್ರೀತಿಯಿಂದ ಕರೆಯುವುದು ‘ದಿ ಬೆಸ್ಟ್ ಡ್ಯಾಮ್ ಬ್ಯಾಂಡ್ ಇನ್ ದಿ ಲ್ಯಾಂಡ್’ ಎಂದು. ಟೀ ಶರ್ಟುಗಳ ಮೇಲೆ ‘ಟಿಬಿಡಿಬಿಐಟಿಎಲ್’ ಎಂಬ ಅಕ್ಷರಗಳನ್ನು ಕಂಡರೆ ಅವು ಈ ಹೆಸರಿನ ಮೊದಲಕ್ಷರಗಳು. ಅದರಲ್ಲಿರುವ ‘ಡ್ಯಾಮ್’ ಎಂಬ ಬಿರುನುಡಿಯನ್ನು ಇಲ್ಲಿನ ಅಜ್ಜಿಯರೂ ಸಂಕೋಚವಿಲ್ಲದೆ ಹೇಳುತ್ತಾರೆ, ಮಕ್ಕಳ ಬಾಯಲ್ಲಿ ಬಂದರೆ ಗಾಬರಿಯಾಗಬೇಡಿ.

ಇನ್ನೊಂದು ಸಂಗತಿ ತಿಳಿದರೆ ಈ ಹುಡುಗ ಹುಡುಗಿಯರ ಮೇಲೆ ಗೌರವ ತಾನಾಗಿ ಬರುತ್ತದೆ. ಒಮ್ಮೆ ಆಯ್ಕೆಯಾದರೆ ನಾಲ್ಕು ವರ್ಷ ಜಾಗ ಗಟ್ಟಿ ಎಂಬುದು ಇಲ್ಲಿಲ್ಲ. ಹಳಬರೂ ಪ್ರತಿ ಬೇಸಿಗೆಯ ಕೊನೆಗೆ ಹೊಸಬರ ಜೊತೆ ನಿಂತು ಮತ್ತೆ ಪರೀಕ್ಷೆ ಕೊಡಬೇಕು. ಎಂಜಿನಿಯರಿಂಗ್, ನರ್ಸಿಂಗ್ ಓದುವ ಮಕ್ಕಳು ಅವರು. ಕ್ಲಾಸು ಮುಗಿಸಿ ಬಂದು ದಿನವೂ ಮೈದಾನದಲ್ಲಿ ಅಭ್ಯಾಸ ಮಾಡುತ್ತಾರೆ.

ಪಂದ್ಯದ ದಿನ ನೇರವಾಗಿ ಸ್ಟೇಡಿಯಮ್ಮಿಗೆ ಹೋಗಬೇಡಿ. ಎದುರಿಗೇ ಇರುವ ಸೇಂಟ್ ಜಾನ್ ಅರೀನಾಕ್ಕೆ ಹೋಗಿ, ಅದೂ ಆಟಕ್ಕೆ ಎರಡು ಮೂರು ಗಂಟೆ ಮುಂಚೆಯೇ. ಅಲ್ಲಿ ನಡೆಯುವುದೇ ‘ಸ್ಕಲ್ ಸೆಷನ್’. ಸ್ಕಲ್ ಎಂದರೆ ತಲೆಬುರುಡೆ. ಸಂಗೀತ ತಲೆಯಲ್ಲಿ ಕೂತಿದೆಯೇ, ಕಾಗದ ನೋಡದೆ ನುಡಿಸಬಲ್ಲರೇ ಎಂದು 1930ರ ದಶಕದಲ್ಲಿ ಪರೀಕ್ಷಿಸುತ್ತಿದ್ದದ್ದು ಬೆಳೆದು ಈಗ ಸಾವಿರಾರು ಜನ ಕೂತು ಕೇಳುವ ಕಛೇರಿಯಾಗಿದೆ. ನನಗೆ ಇಡೀ ದಿನದಲ್ಲಿ ತುಂಬ ಇಷ್ಟವಾದ ಹೊತ್ತು ಇದೇ. ಸ್ಟೇಡಿಯಮ್ಮಿನಲ್ಲಿ ಗಾಳಿಗೆ ಚದುರಿ ಹೋಗುವ ನಾದ ಇಲ್ಲಿ ಮಾಡಿನ ಕೆಳಗೆ ತುಂಬಿಕೊಂಡು ಎದೆಗೇ ಬಂದು ತಾಕುತ್ತದೆ. ನಡುವೆ ನೌಕಾಪಡೆಯ ಪ್ರಾರ್ಥನಾಗೀತೆಯನ್ನು ಬಲು ಮೆಲ್ಲಗೆ ನುಡಿಸುತ್ತಾರೆ. ಆಗ ಮಾತಾಡಬೇಡಿ, ಫೋನೂ ಕೆಳಗಿಡಿ. ಆಟಗಾರರೂ ಸ್ಟೇಡಿಯಮ್ಮಿಗೆ ಹೋಗುವ ಮುನ್ನ ಇಲ್ಲಿಗೆ ಬಂದು ಹೋಗುತ್ತಾರೆ. ನಾನು ಹೋದಾಗಲೆಲ್ಲ ಟಿಕೆಟ್ ಕೇಳಿಲ್ಲ, ಆದರೂ ಆ ವಾರದ ನಿಯಮವನ್ನೂ ಹೊತ್ತನ್ನೂ ನೋಡಿಕೊಂಡೇ ಹೊರಡಿ. ಪಂದ್ಯದ ಟಿಕೆಟ್ಟಿಗೆ ದುಡ್ಡು ಹೊಂದಿಸಲಾಗದ ವಿದ್ಯಾರ್ಥಿಗಳಿಗೆ ನಾನು ಹೇಳುವುದು, ಇದೊಂದನ್ನು ನೋಡಿ ಮನೆಗೆ ಹೋದರೂ ನಷ್ಟವಿಲ್ಲ.

ಮುಗಿದ ಮೇಲೆ ಬ್ಯಾಂಡು ಅರೀನಾದಿಂದ ಸ್ಟೇಡಿಯಮ್ಮಿನವರೆಗೆ ನಡೆದುಕೊಂಡು ಹೋಗುತ್ತದೆ. ದಾರಿಯ ಬದಿಗೆ ನಿಂತು ಚಪ್ಪಾಳೆ ತಟ್ಟಿ. ಸಾಲಿನ ನಡುವೆ ನುಗ್ಗಿ ಆಚೆ ದಾಟುವುದು ಮಾತ್ರ ಬೇಡ, ಫೋಟೋಗಾಗಿಯೂ ಬೇಡ.

ಓಹಾಯೋ ಸ್ಟೇಡಿಯಂ 1922ರದ್ದು, ಕುದುರೆಲಾಳದ ಆಕಾರ. ಲಕ್ಷಕ್ಕೂ ಹೆಚ್ಚು ಜನ ಹಿಡಿಸುತ್ತದೆ. ಉತ್ತರದ ತುದಿಯ ಇಳಿಜಾರಿನಿಂದ ಮೊದಲು ಡ್ರಮ್ಮಿನವರು ಇಳಿದು ಬರುತ್ತಾರೆ, ನಿಮಿಷಕ್ಕೆ 180 ಹೆಜ್ಜೆಯ ವೇಗದಲ್ಲಿ. ಎಲ್ಲರೂ ಬಂದು ನಿಂತ ಮೇಲೆ ಬ್ಯಾಂಡಿನ ಮುಂದಾಳಾದ ಡ್ರಮ್ ಮೇಜರ್ ಓಡಿ ಬಂದು, ಟೋಪಿಯ ತುರಾಯಿ ನೆಲಕ್ಕೆ ತಾಗುವಷ್ಟು ಹಿಂದಕ್ಕೆ ಬಾಗುತ್ತಾನೆ. ಇದೆಲ್ಲ ಆಟ ಶುರುವಾಗುವ ಮುಂಚೆಯೇ ಮುಗಿಯುತ್ತದೆ. ಹನ್ನೆರಡಕ್ಕೆ ಆಟವೆಂದು ಹನ್ನೆರಡಕ್ಕೆ ಹೋದರೆ ಇದು ಸಿಗುವುದಿಲ್ಲ.

ಇನ್ನು ‘ಸ್ಕ್ರಿಪ್ಟ್ ಓಹಾಯೋ’. ಕೆಲವು ದಿನ ಆಟಕ್ಕೆ ಮೊದಲು ಮಾಡುತ್ತಾರೆ, ಕೆಲವು ದಿನ ಹಾಫ್‌ಟೈಮಿನಲ್ಲಿ. ಫ್ರೆಂಚ್ ಸೈನ್ಯದ ನಡಿಗೆಯ ಸಂಗೀತವೊಂದನ್ನು ನುಡಿಸುತ್ತಾ, ಇಡೀ ಬ್ಯಾಂಡು ಒಬ್ಬರ ಹಿಂದೆ ಒಬ್ಬರಂತೆ ಒಂದೇ ದಾರವಾಗಿ ಬಿಚ್ಚಿಕೊಳ್ಳುತ್ತದೆ. ಮುಂದೆ ಡ್ರಮ್ ಮೇಜರ್. ಆ ದಾರ ಹೊರಳಿ, ತನ್ನನ್ನೇ ದಾಟಿ, ಹಸಿರು ಹುಲ್ಲಿನ ಮೇಲೆ ‘ಓಹಾಯೋ’ ಎಂಬ ಇಂಗ್ಲಿಷ್ ಹೆಸರನ್ನು ಕೂಡಕ್ಷರದಲ್ಲಿ ಬರೆಯುತ್ತದೆ. ನಮ್ಮ ಮಗಳು ಚಿಕ್ಕವಳಿದ್ದಾಗ ‘ಅಮ್ಮಾ, ಯಾರೋ ಮೇಲಿಂದ ಪೆನ್ನು ಹಿಡಿದಿದ್ದಾರೆ’ ಅಂದಿದ್ದಳು. ಮೊದಲು ಹೀಗೆ ಬರೆದದ್ದು 1936ರ ಅಕ್ಟೋಬರ್ 10ರಂದು, ಆಗ ನಿರ್ದೇಶಕರಾಗಿದ್ದ ಯೂಜೀನ್ ವೈಗೆಲ್ ಅವರ ಕಲ್ಪನೆಯಂತೆ.

ಕೊನೆಗೆ ಉಳಿಯುವುದು ‘ಐ’ ಅಕ್ಷರದ ಚುಕ್ಕೆ. ಅದನ್ನಿಡುವುದು ಸೂಸಾಫೋನ್ ನುಡಿಸುವವರೇ. ಮೈಗೆ ಸುತ್ತಿಕೊಂಡು ತಲೆಯ ಮೇಲೆ ದೊಡ್ಡ ಬಾಯಿ ತೆರೆದಿರುತ್ತದಲ್ಲ, ಆ ಭಾರದ ವಾದ್ಯ. ಮೊದಲ ವರ್ಷ ಚುಕ್ಕೆಯಾದವನು ತುತ್ತೂರಿಯಂಥ ಪುಟ್ಟ ಕಾರ್ನೆಟ್ ನುಡಿಸುತ್ತಿದ್ದವನು. 1937ರಲ್ಲಿ ವೈಗೆಲ್ ಅವರು ಗ್ಲೆನ್ ಜಾನ್ಸನ್ ಎಂಬ ಸೂಸಾಫೋನಿನ ಹುಡುಗನನ್ನು ಆ ಜಾಗಕ್ಕೆ ಕಳಿಸಿದರು. ಆಮೇಲೊಂದು ದಿನ ಡ್ರಮ್ ಮೇಜರ್ ಲೆಕ್ಕಕ್ಕಿಂತ ಮೊದಲೇ ‘ಐ’ ತುದಿಗೆ ಬಂದುಬಿಟ್ಟ. ಸಂಗೀತ ಇನ್ನೂ ಉಳಿದಿತ್ತು. ಅದನ್ನು ತುಂಬಲು ಜಾನ್ಸನ್ ಕಾಲು ಬೀಸಿ, ತಿರುಗಿ, ಸೊಂಟ ಬಾಗಿಸಿ ನಮಸ್ಕರಿಸಿದ. ಆ ಗಳಿಗೆಯಲ್ಲಿ ಹೊಳೆದದ್ದು ಇಂದಿಗೂ ಹಾಗೆಯೇ ನಡೆದುಬಂದಿದೆ. ನಾಲ್ಕನೆಯ ವರ್ಷದವರೆಗೆ ಕಾದವರಿಗೆ ಸಿಗುವ ಸರದಿ ಇದು. ಗಗನಯಾತ್ರಿ ಜಾನ್ ಗ್ಲೆನ್ ಅವರಿಗೆ 2009ರಲ್ಲಿ ಗೌರವಪೂರ್ವಕವಾಗಿ ಈ ಚುಕ್ಕೆಯ ಜಾಗ ಕೊಟ್ಟಿದ್ದರು.

ಮೈಸೂರಿನಲ್ಲಿ ಅಪ್ಪನ ಹೆಗಲೇರಿ ಜಂಬೂಸವಾರಿ ನೋಡಿದವಳು ನಾನು. ಪೊಲೀಸ್ ಬ್ಯಾಂಡು ಹೋಗುವಾಗ ಖುಷಿಯಾಗುತ್ತಿತ್ತು, ಆದರೆ ನಮ್ಮ ಕಣ್ಣೆಲ್ಲ ಹಿಂದೆ ಬರುವ ಅಂಬಾರಿಯ ಮೇಲೆ. ಇಲ್ಲಿ ಆ ಚುಕ್ಕೆಯೇ ಅಂಬಾರಿ. ಸೂಸಾಫೋನಿನ ಹುಡುಗಿಯೋ ಹುಡುಗನೋ ಎರಡೂ ಕಡೆಗೆ ಬಾಗಿದಾಗ ಲಕ್ಷ ಜನ ಎದ್ದು ನಿಲ್ಲುತ್ತಾರೆ.

ಜನರ ಜೊತೆ ಸೇರಲು ಎರಡು ಗೊತ್ತಿರಲಿ. ಯಾರಾದರೂ ‘ಓ-ಎಚ್!’ ಎಂದು ಕೂಗಿದರೆ ‘ಐ-ಓ!’ ಎಂದು ಜವಾಬು ಕೊಡಬೇಕು, ವಿಮಾನ ನಿಲ್ದಾಣದಲ್ಲಾದರೂ ಸರಿ. ಮೂರನೆಯ ಕ್ವಾರ್ಟರ್ ಮುಗಿದಾಗ ‘ಹ್ಯಾಂಗ್ ಆನ್ ಸ್ಲೂಪಿ’ ನುಡಿಸುತ್ತಾರೆ. ಬ್ಯಾಂಡು 1965ರಲ್ಲಿ ಎತ್ತಿಕೊಂಡ ಈ ಹಾಡು 1985ರಲ್ಲಿ ರಾಜ್ಯದ ಅಧಿಕೃತ ರಾಕ್ ಹಾಡಾಯಿತು. ಅದನ್ನು ನುಡಿಸುವಾಗ ತೋಳುಗಳಿಂದ ‘ಓಹಾಯೋ’ದ ನಾಲ್ಕು ಇಂಗ್ಲಿಷ್ ಅಕ್ಷರ ಮಾಡಿ ತೋರಿಸುವುದನ್ನು ಪಕ್ಕದವರೇ ಕಲಿಸಿಕೊಡುತ್ತಾರೆ.

ಊಟ ಹೊರಗೇ ಮುಗಿಸಿ. ನಮ್ಮ ಕನ್ನಡದ ಗುಂಪು ಕಾರಿನ ಹತ್ತಿರ ಪುಳಿಯೋಗರೆ, ಮೊಸರನ್ನದ ಡಬ್ಬಿ ಬಿಚ್ಚುತ್ತದೆ. ಒಳಗೆ ಯಾವ ಚೀಲ ಬಿಡುತ್ತಾರೆಂದು ಮೊದಲೇ ನೋಡಿಕೊಳ್ಳಿ. ಎಳೆಮಕ್ಕಳ ಕಿವಿಗೆ ಮುಚ್ಚಳ ಹಾಕಿ. ನವೆಂಬರಿನ ಚಳಿಗೆ ಎರಡು ಪದರ ಹೆಚ್ಚಾಗಿಯೇ ಇರಲಿ.

ಸ್ವಲ್ಪ ನೆಲೆನಿಂತ ಮೇಲೆ ನಿಮ್ಮ ಕೈಲಾದದ್ದನ್ನು ಮಾಡಿ. ಬ್ಯಾಂಡಿನ ನಿಧಿಗೆ ವರ್ಷಕ್ಕೊಮ್ಮೆ ಚಿಕ್ಕ ಮೊತ್ತ ಕಳಿಸಬಹುದು. ಅದಕ್ಕಿಂತ ಹತ್ತಿರದ್ದು ನಿಮ್ಮ ಬಡಾವಣೆಯ ಹೈಸ್ಕೂಲಿನ ಬ್ಯಾಂಡು. ವಿಶ್ವವಿದ್ಯಾಲಯಕ್ಕೆ ಹೋಗುವ ಮಕ್ಕಳು ಅಲ್ಲಿಂದಲೇ ಬರುವುದು. ಶುಕ್ರವಾರ ಸಂಜೆಯ ಪಂದ್ಯಗಳಲ್ಲಿ ತಿಂಡಿ ಮಳಿಗೆಗೆ, ವಾದ್ಯ ಸಾಗಿಸಲು, ನೀರು ಕೊಡಲು ಅಪ್ಪ ಅಮ್ಮಂದಿರು ಬೇಕೇ ಬೇಕು. ನಮ್ಮವರು ಗಣಿತದ ಸ್ಪರ್ಧೆಗೆ ತಪ್ಪದೆ ಹೋಗುತ್ತಾರೆ, ಇಲ್ಲಿ ಮಾತ್ರ ಕಡಿಮೆ ಕಾಣುತ್ತಾರೆ. ಇದು ನನಗೆ ನೋವಿನ ವಿಷಯ. ಮಗ ಟ್ರಂಬೋನ್ ಕಲಿಯುತ್ತೇನೆಂದರೆ ಓದು ಹಾಳಾಗುತ್ತದೆಂದು ತಡೆಯಬೇಡಿ. ವಾದ್ಯ ಕೊಳ್ಳಲೇಬೇಕೆಂದಿಲ್ಲ, ತಿಂಗಳ ಬಾಡಿಗೆಗೆ ಸಿಗುತ್ತದೆ.

ಪಂದ್ಯ ಗೆದ್ದರೂ ಸೋತರೂ ಕೊನೆಯ ಸೀಟಿ ಆದ ಕೂಡಲೇ ಪಾರ್ಕಿಂಗ್ ಕಡೆ ಓಡಬೇಡಿ. ಆಟಗಾರರು ಬ್ಯಾಂಡಿನ ಮುಂದೆ ಬಂದು ನಿಂತು, ಹೆಗಲ ಮೇಲೆ ಕೈಹಾಕಿಕೊಂಡು ವಿಶ್ವವಿದ್ಯಾಲಯದ ಗೀತೆಯಾದ ‘ಕಾರ್ಮೆನ್ ಓಹಾಯೋ’ ಹಾಡುತ್ತಾರೆ. ಪಕ್ಕದವರು ನಿಮ್ಮ ಹೆಗಲ ಮೇಲೂ ಕೈಹಾಕುತ್ತಾರೆ. ಪದ ಬರದಿದ್ದರೂ ಅವರ ಜೊತೆ ತೂಗಿ.