ಕೊಳಗ ತಂದ ದಿನ

ಗೇಣಿ ಒಕ್ಕಲುಗಳು ಭೂಮಾಲೀಕರ ವಿರುದ್ಧ ನಡೆಸಿದ ಕಾಗೋಡು ಸತ್ಯಾಗ್ರಹದ ಪಾಠವನ್ನು ಮೊದಲ ಐದಾರು ವರ್ಷ ನಾನು ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದೆ. ‘1951, ಸಾಗರ ತಾಲ್ಲೂಕು, ಎಚ್. ಗಣಪತಿಯಪ್ಪ’ ಎಂದು ವರ್ಷ, ಜಾಗ, ಮುಂದಾಳಿನ ಹೆಸರನ್ನು ಕರಿಹಲಗೆಯ ಮೇಲೆ ಬರೆಯುವುದು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಸೆರೆಯಾದದ್ದನ್ನು ಹೇಳುವುದು, ಅಷ್ಟೇ. ಕಾಗೋಡಿಗೆ ನಮ್ಮ ಶಾಲೆಯಿಂದ ಬಸ್ಸಿನಲ್ಲಿ ಒಂದು ಗಂಟೆಯೂ ಬೇಡ. ಮಕ್ಕಳಿಗೆ ಮಾತ್ರ ಅದು ಪಾಣಿಪತ್‌ನಷ್ಟೇ ದೂರ.

ಒಮ್ಮೆ ಮನೆಯ ಅಟ್ಟ ಗುಡಿಸುವಾಗ ಭತ್ತ ಅಳೆಯುವ ಹಳೆಯ ಮರದ ಕೊಳಗ ಸಿಕ್ಕಿತು. ಪರಿಚಯದವರ ಮನೆಯಿಂದ ತುಸು ದೊಡ್ಡದೊಂದನ್ನು ಕೇಳಿ ತಂದೆ. ಅರ್ಧ ಚೀಲ ಭತ್ತವನ್ನೂ ತರಗತಿಗೆ ಹೊರಿಸಿಕೊಂಡು ಹೋದೆ. ಪಾಠ ಹೇಳಲಿಲ್ಲ, ಅಳೆಯಿರಿ ಎಂದೆ. ಒಂದಕ್ಕೂ ಇನ್ನೊಂದಕ್ಕೂ ಒಂದು ಸೇರಿನ ವ್ಯತ್ಯಾಸ ಬಂತು. “ಇಷ್ಟೇನಾ?” ಎಂದ ಹಿಂದಿನ ಬೆಂಚಿನವನೊಬ್ಬ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂದು ನೆನಪಿಸಿ ಲೆಕ್ಕ ಹಾಕಿಸಿದೆ. ಖಂಡುಗಕ್ಕೆ ಇಪ್ಪತ್ತು ಸೇರು! ಮಳೆಗಾಲದಲ್ಲಿ ಅದು ಎಷ್ಟು ದಿನದ ಗಂಜಿ ಎಂದು ಆ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಡೆಯರಿಗೆ ಸಲ್ಲಬೇಕಾದ ಗೇಣಿಯ ಭತ್ತ ಅಳೆಯುವ ಕೊಳಗ ದೊಡ್ಡದು ಎಂದು ಒಕ್ಕಲುಗಳು ಯಾಕೆ ತಗಾದೆ ತೆಗೆದರು, ಕೊಟ್ಟ ಗೇಣಿಗೆ ರಶೀದಿ ಯಾಕೆ ಕೇಳಿದರು, ಬಂಧಿಸುತ್ತಾರೆಂದು ಗೊತ್ತಿದ್ದೂ ಯಾಕೆ ಗದ್ದೆಗಿಳಿದು ನೇಗಿಲು ಹಿಡಿದರು ಎಂಬುದೆಲ್ಲ ಭತ್ತದ ರಾಶಿಯ ಸುತ್ತ ಕುಳಿತೇ ಚರ್ಚೆಯಾಯಿತು. ಧೂಳಿಗೆ ಎಲ್ಲರೂ ಸೀನುತ್ತಿದ್ದರು.

ಅದೇ ಹುಮ್ಮಸ್ಸಿನಲ್ಲಿ ನಾನೊಂದು ತಪ್ಪು ಮಾಡಿದೆ. “ನಿಮ್ಮಲ್ಲಿ ಯಾರ ಮನೆಯವರು ಒಡೆಯರಾಗಿದ್ದರು, ಯಾರು ಗೇಣಿದಾರರು?” ಎಂದು ಕೇಳಿಬಿಟ್ಟೆ. ತರಗತಿ ತಣ್ಣಗಾಯಿತು. ಒಬ್ಬ ಹುಡುಗ ತಲೆ ತಗ್ಗಿಸಿದವನು ಗಂಟೆ ಹೊಡೆಯುವವರೆಗೂ ಎತ್ತಲಿಲ್ಲ. ಅಜ್ಜನ ಕಾಲದ ಅನ್ಯಾಯಕ್ಕೆ ಹದಿನಾಲ್ಕರ ಹುಡುಗನನ್ನು ಕಟಕಟೆಯಲ್ಲಿ ನಿಲ್ಲಿಸಿದಂತಾಗಿತ್ತು. ನ್ಯಾಯದ ಪಾಠಕ್ಕೆ ಹೊರಟವಳು ನಾನು! ಆಮೇಲೆ ಆ ಪ್ರಶ್ನೆಯನ್ನು ಎಂದೂ ಕೇಳಿಲ್ಲ. ಬದಲಿಗೆ, ಮನೆಯ ಹಿರಿಯರನ್ನು ‘ಡಿಕ್ಲರೇಷನ್’ ಬಗ್ಗೆ ಮಾತನಾಡಿಸಿಕೊಂಡು ಬನ್ನಿ ಎನ್ನುತ್ತೇನೆ. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಗೇಣಿದಾರರು ಉಳುತ್ತಿದ್ದ ಜಮೀನು ತಮ್ಮ ಹೆಸರಿಗೆ ಆಗಲೆಂದು ಭೂನ್ಯಾಯ ಮಂಡಳಿಗೆ ಹಾಕಿದ ಅರ್ಜಿಗೆ ನಮ್ಮ ಕಡೆ ಈಗಲೂ ಇದೇ ಹೆಸರು. ಜಮೀನು ಪಡೆದವರ ಕಥೆಯೂ ಬರುತ್ತದೆ, ಕಳೆದುಕೊಂಡವರ ಕಥೆಯೂ ಬರುತ್ತದೆ. ಯಾವುದು ಯಾರ ಮನೆಯದು ಎಂದು ಹೇಳಬೇಕಾಗಿಲ್ಲ.

ಅಳತೆಯ ಹುಚ್ಚು ಹಿಡಿದ ಮೇಲೆ ಮಕ್ಕಳು ಸಂತೆಯ ತಕ್ಕಡಿ, ತೂಕದ ಬಟ್ಟುಗಳ ಮೇಲೆ ಸರ್ಕಾರಿ ಮುದ್ರೆ ಇದೆಯೇ ಎಂದು ಹುಡುಕತೊಡಗಿದರು. ಮೀನಿನ ಅಂಗಡಿಯವರು ನನ್ನ ಮೇಲೆ ಸಿಟ್ಟಾದರು. ಅದು ಬೇರೆ ಮಾತು. ಆ ವರ್ಷದ ಮಕ್ಕಳ ಗ್ರಾಮಸಭೆಗೆ ಸಂತೆಯಲ್ಲಿ ಯಾರು ಬೇಕಾದರೂ ತೂಗಿ ನೋಡಬಹುದಾದ ಒಂದು ತಕ್ಕಡಿ ಇಡಬೇಕೆಂದು ಅರ್ಜಿ ಬರೆದರು. ವೇದಿಕೆಯ ಮೇಲಿದ್ದವರು ಅರ್ಜಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು “ನೋಡೋಣ ಮರಿ” ಎಂದರು. ಅರ್ಜಿ ಕೊಟ್ಟ ಹುಡುಗಿ ಅಲ್ಲಿಂದ ಕದಲಲಿಲ್ಲ.

“ಸರ್, ತಲುಪಿದ್ದಕ್ಕೆ ರಶೀದಿ ಕೊಡಿ” ಎಂದಳು.