ಹಳೆ ಪಿಕಪ್‌ನ ಕಮಾನ್ ಪಟ್ಟಿ: ನಟ್ ಬಿಗಿಯುವ ಮುಂಚೆ ಒಮ್ಮೆ ಬಗ್ಗಿ ನೋಡಿ

ಕೋಲಾರದ ಎಪಿಎಂಸಿ ಗೇಟಿನ ಹತ್ತಿರ ಬೆಳಿಗ್ಗೆ ಸುಮ್ನೆ ನಿಂತು ನೋಡಿ. ಟೊಮೆಟೊ ಹೊತ್ತು ಬರುವ ಹಳೆ ಪಿಕಪ್‌ಗಳಲ್ಲಿ ಒಂದಾದರೂ ಏಡಿ ಥರ ಅಡ್ಡಡ್ಡ ನಡೆಯುತ್ತಿರುತ್ತದೆ. ಬಾಕ್ಸಿಗೆ 15 ಕೆ.ಜಿ., ನೂರು ಬಾಕ್ಸ್ ಅಂದರೆ ಒಂದೂವರೆ ಟನ್. ಹಿಂದಿನ ಕಮಾನ್ (ಒಂದರ ಮೇಲೊಂದು ಉಕ್ಕಿನ ಪಟ್ಟಿ ಜೋಡಿಸಿದ ಲೀಫ್ ಸ್ಪ್ರಿಂಗ್) ಪಟ್ಟಿ ಮುರಿಯುವುದರಲ್ಲಿ ಆಶ್ಚರ್ಯ ಇಲ್ಲ. ಆದರೆ ಹೊಸ ಪಟ್ಟಿ ಹಾಕಿಸಿದ ಮೇಲೂ ಗಾಡಿ ಅಡ್ಡ ಹೋದರೆ ತಪ್ಪು ಟೊಮೆಟೊದ್ದಲ್ಲ, ಸ್ಪ್ಯಾನರ್ ಹಿಡಿದವನದು.

ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದಿನ ಚಕ್ರ ಬಿಚ್ಚಿ. ಚಾಸಿ ಸ್ಟ್ಯಾಂಡ್ ಮೇಲಿರಲಿ, ಹೌಸಿಂಗ್ (ಹಿಂದಿನ ಎರಡು ಚಕ್ರಗಳ ನಡುವಿನ ಆಕ್ಸಲ್ ಕೊಳವೆ) ಕೆಳಗೆ ಬೇರೆ ಜಾಕಿ. ಹಾಲೋ ಬ್ಲಾಕ್ ಮೇಲೆ ಗಾಡಿ ನಿಲ್ಲಿಸಿ ಕೆಳಗೆ ನುಗ್ಗುವವರು ಇಲ್ಲಿಗೇ ಓದು ನಿಲ್ಲಿಸಬಹುದು. ಒಂದು ಕಡೆ ಪೂರ್ತಿ ಮುಗಿಸಿಯೇ ಇನ್ನೊಂದು ಕಡೆ ಬಿಚ್ಚಿ. ಎರಡೂ ಒಟ್ಟಿಗೆ ಬಿಚ್ಚಿದರೆ ಹೌಸಿಂಗ್ ಜಾಕಿ ಮೇಲೆ ಉರುಳುತ್ತದೆ. ಕಮಾನನ್ನು ಹೌಸಿಂಗಿಗೆ ಬಿಗಿಹಿಡಿಯುವ ಯು ಬೋಲ್ಟ್ ತುಕ್ಕು ಹಿಡಿದು ಬರದಿದ್ದರೆ ಕತ್ತರಿಸಿ ಬಿಸಾಕಿ. ಒಮ್ಮೆ ಬಿಗಿದ ಯು ಬೋಲ್ಟ್ ಎಳೆದುಕೊಂಡಿರುತ್ತದೆ, ಹೇಗಿದ್ದರೂ ಹೊಸದೇ ಬೇಕು.

ಮುರಿದ ಪಟ್ಟಿಗೆ ವೆಲ್ಡಿಂಗ್ ಮಾಡಿಸಬೇಡಿ. ಸ್ಪ್ರಿಂಗ್ ಸ್ಟೀಲಿಗೆ ಅಷ್ಟು ಬಿಸಿ ತಾಗಿದರೆ ಹದ ಹೋಯಿತು, ಬೆಸುಗೆಯ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಇಳಿದುಹೋದ ಪಟ್ಟಿಗೆ ಗ್ಯಾಸ್ ಹಿಡಿದು ಕೆಂಪಗೆ ಕಾಯಿಸಿ ಬಾಗಿಸಿ ಕೊಡುವವರೂ ಇದ್ದಾರೆ. ಕೆಲವು ದಿನ ಹಿಂಭಾಗ ಎತ್ತರವಾಗಿ ಕಾಣುತ್ತದೆ, ಆಮೇಲೆ ಚಪ್ಪಟೆ. 'ಒಂದು ಪಟ್ಟಿ ಜಾಸ್ತಿ ಹಾಕಿಬಿಡಣ್ಣ' ಎನ್ನುವುದಂತೂ ಎಲ್ಲರ ಆಸೆ. ನಾನು ಹಾಕಲ್ಲ. ಖಾಲಿ ಗಾಡಿ ಹಂಪಿನ ಮೇಲೆ ಕುಪ್ಪಳಿಸುತ್ತದೆ, ಪಟ್ಟಿ ತಾಳಿಕೊಳ್ಳಬೇಕಾದ ಏಟು ಚಾಸಿಗೆ ಬೀಳುತ್ತದೆ.

ಈಗ ಎಲ್ಲರೂ ಎಡವುವ ಜಾಗ. ಪಟ್ಟಿಗಳ ನಡುವಿನಿಂದ ಸೆಂಟರ್ ಬೋಲ್ಟ್ ಹೋಗುತ್ತದಲ್ವಾ, ಅದರ ಗುಂಡು ತಲೆ ಹೌಸಿಂಗಿನ ಸೀಟ್‌ನಲ್ಲಿರುವ ತೂತಿನೊಳಗೆ ಕೂರಬೇಕು. ಕಮಾನ್ ಹೌಸಿಂಗಿನ ಮೇಲಿದ್ದರೆ ತಲೆ ಕೆಳಮುಖ. ಹಳೆ ಜೀಪಿನ ಹಾಗೆ ಹೌಸಿಂಗಿನ ಕೆಳಗಿದ್ದರೆ ಮೇಲ್ಮುಖ. ಆ ತೂತಿನಲ್ಲಿ ವರ್ಷಗಳ ಮಣ್ಣು, ಗ್ರೀಸು ಕಲ್ಲಿನ ಹಾಗೆ ಗಟ್ಟಿಯಾಗಿರುತ್ತದೆ. ಹಳೆ ಸ್ಕ್ರೂಡ್ರೈವರ್‌ನಿಂದ ಕೆರೆದು, ಬೆರಳು ಹಾಕಿ ನೋಡಿ. ಜಾಕಿಯನ್ನು ನಿಧಾನವಾಗಿ ಎತ್ತುತ್ತಾ ಟಾರ್ಚ್ ಹಿಡಿದು ಪಕ್ಕದಿಂದ ನೋಡಿ. ತಲೆ ಕೂತರೆ ಪಟ್ಟಿಗೂ ಸೀಟಿಗೂ ನಡುವೆ ಬೆಳಕು ಕಾಣುವುದಿಲ್ಲ. ಕಂಡರೆ ಇಳಿಸಿ, ಹೌಸಿಂಗನ್ನು ಸ್ವಲ್ಪ ಹಿಂದೆ ಮುಂದೆ ಆಡಿಸಿ ಮತ್ತೆ ಎತ್ತಿ. ಯು ಬೋಲ್ಟ್ ಬಿಗಿದರೆ ತಾನೇ ಕೂರುತ್ತದೆ ಎಂದು ನಟ್ ಬಿಗಿಯುವ ಏರ್ ಗನ್ ಹಿಡಿಯುವವರನ್ನು ಬೇಕಾದಷ್ಟು ನೋಡಿದ್ದೇನೆ. ಕೂರುವುದಿಲ್ಲ. ಬೋಲ್ಟಿನ ತಲೆ ಜಜ್ಜಿಹೋಗಿ ಹೌಸಿಂಗ್ ಒಂದಿಷ್ಟು ಹಿಂದೆ ಸರಿದು ನಿಲ್ಲುತ್ತದೆ. ಏಡಿ ನಡಿಗೆ ಶುರುವಾಗುವುದು ಅಲ್ಲಿಂದಲೇ.

ಯು ಬೋಲ್ಟಿನ ನಾಲ್ಕು ನಟ್‌ಗಳನ್ನು ಮೂಲೆಯಿಂದ ಎದುರು ಮೂಲೆಗೆ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ನಾಲ್ಕೂ ಕಡೆ ನಟ್‌ನಾಚೆ ಉಳಿದ ಮರೆ (ಥ್ರೆಡ್) ಒಂದೇ ಉದ್ದ ಕಾಣಬೇಕು. ಕೊನೆಯ ಬಿಗಿ ಟಾರ್ಕ್ ವ್ರೆಂಚಿನಲ್ಲಿ, ಕೈಪಿಡಿಯಲ್ಲಿ ಕೊಟ್ಟ ಅಳತೆಗೆ. ಇದು ಸಡಿಲ ಇದ್ದರೆ ಪಟ್ಟಿ ಮುರಿಯುವುದು ಸರಿಯಾಗಿ ನಡುವಿನ ತೂತಿನ ಹತ್ತಿರವೇ.

ಪಟ್ಟಿಯ ಕಣ್ಣಿನೊಳಗಿನ (ತುದಿಯಲ್ಲಿ ಸುತ್ತಿದ ಬಳೆಯೊಳಗಿನ) ರಬ್ಬರ್ ಬುಷ್ ವಿಷಯದಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಚಕ್ರ ಗಾಳಿಯಲ್ಲಿ ನೇತಾಡುವಾಗಲೇ ಮೆಕ್ಯಾನಿಕ್ ಆ ಕಣ್ಣಿನಲ್ಲಿ ಹಾಯುವ ಶ್ಯಾಕಲ್ ಬೋಲ್ಟ್ ಬಿಗಿದುಬಿಟ್ಟ, ನಾನು ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದೆ. ಗಾಡಿ ಇಳಿಸಿದಾಗ ಪಟ್ಟಿ ಚಪ್ಪಟೆಯಾಗಿ ಕಣ್ಣು ತಿರುಗಿತು, ಬಿಗಿದ ರಬ್ಬರ್ ಒಳಗೇ ತಿರುಚಿಕೊಂಡಿತು. ಎರಡು ತಿಂಗಳಿಗೆ ಹರಿದು ಕಿರಗುಟ್ಟತೊಡಗಿತು. ಆ ಬೋಲ್ಟನ್ನು ಮೊದಲು ಕೈಯಲ್ಲಷ್ಟೇ ತಿರುಗಿಸಿ ಬಿಡಿ. ಚಕ್ರ ಹಾಕಿ, ಗಾಡಿ ನೆಲಕ್ಕೆ ಇಳಿಸಿ, ಎರಡು ಸಲ ಕುಲುಕಿಸಿ, ಆಮೇಲೆ ಬಿಗಿಯಿರಿ. ಅಂಗಡಿಯಲ್ಲಿ ಬಿಡಿಬಿಡಿಯಾಗಿ ರಾಶಿ ಹಾಕಿ ಮಾರುವ ಬುಷ್ ಅಗ್ಗ. ಉಗುರಲ್ಲಿ ಒತ್ತಿದರೆ ಪುಡಿ ಉದುರುತ್ತದೆ, ತರಬೇಡಿ.

ಕೊನೆಗೆ ಟೇಪ್ ತೆಗೆದುಕೊಳ್ಳಿ. ಸ್ಟೇರಿಂಗ್ ನೇರ ಇಟ್ಟು, ಮುಂದಿನ ಚಕ್ರದ ಹಬ್‌ನ ನಡುವಿನಿಂದ ಹಿಂದಿನ ಚಕ್ರದ ಹಬ್‌ನ ನಡುವಿಗೆ ಎರಡೂ ಕಡೆ ಅಳೆಯಿರಿ. ಒಂದು ಕಡೆ ಬೆರಳಗಲ ಕಮ್ಮಿ ಬಂದರೆ ಸೆಂಟರ್ ಬೋಲ್ಟ್ ಕೂತಿಲ್ಲ, ಮತ್ತೆ ಬಿಚ್ಚಬೇಕು. ಸರಿ ಬಂದರೆ ಮೊದಲ ಲೋಡ್ ಇಳಿಸಿದ ದಿನವೇ ಯು ಬೋಲ್ಟಿಗೆ ಇನ್ನೊಮ್ಮೆ ವ್ರೆಂಚ್ ಹಾಕಿ. ಬಣ್ಣ, ತುಕ್ಕು ಅರೆದು ಪಟ್ಟಿಗಳು ಅಷ್ಟರಲ್ಲಿ ಒತ್ತಿಕೊಂಡಿರುತ್ತವೆ, ನಟ್ ಒಂದಷ್ಟು ತಿರುಗಿಯೇ ತಿರುಗುತ್ತದೆ.